ಕೂತು ಬಾತ ತೋಳು

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ನನ್ನನ್ನು ದೇವರಮನೆಯ ಜಗಲಿಯ ಮೇಲಿನ ಹಿತ್ತಾಳೆ ದೇವರಂತೆ ಕೂರಿಸಿದರು. ಹೊತ್ತು ಹೊತ್ತಿಗೆ ಮೈ ತೊಳೆಯುವುದು, ಉಡಿಸುವುದು, ಎಡೆ ಮುಂದಿಡುವುದು. ದೇವರಿಗೂ ನನಗೂ ಒಂದೇ ವ್ಯತ್ಯಾಸ. ದೇವರ ಕೈಗೆ ಬಾವು ಬರುವುದಿಲ್ಲ.

ಮೊಮ್ಮಕ್ಕಳೇ, ನೀವಿಬ್ಬರೂ ಆಗ ಸಣ್ಣವರು. ಆಯಿಗೆ ಜ್ವರ ಎಂದು ನಿಮಗೆ ಹೇಳಿದ್ದರು. ಜ್ವರವಲ್ಲ, ಬಲಗಡೆಯ ಎದೆಯಲ್ಲಿ ಗಂಟಾಗಿತ್ತು. ಎದೆಯನ್ನೂ ತೆಗೆದರು, ಕಂಕುಳಲ್ಲಿದ್ದ ಸಣ್ಣ ಸಣ್ಣ ಗ್ರಂಥಿಗಳನ್ನೂ ತೆಗೆದರು. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಈಗಲೂ ಆಗುವುದಿಲ್ಲ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಕಲಿತ ಕನ್ನಡ ಇಷ್ಟಕ್ಕೆ ಸಾಕು.

ಬಿಡುಗಡೆ ಮಾಡುವಾಗ ಆಸ್ಪತ್ರೆಯವರು ಕೈ ಆಡಿಸುತ್ತಿರಬೇಕು ಎಂದು ಹೇಳಿದ್ದರು. ಎಲ್ಲರೂ ತಲೆಯಾಡಿಸಿ ಕೇಳಿಸಿಕೊಂಡಿದ್ದೆವು. ಆದರೆ ನಮ್ಮ ಜನರಿಗೆ ಕಾಯಿಲೆಯವರು ಎಂದರೆ ಮಲಗಿದವರು. ಎದ್ದು ತಿರುಗಾಡಿದರೆ ಕಾಯಿಲೆಗೆ ಅವಮಾನ, ಮನೆಯವರಿಗೆ ಕೆಟ್ಟ ಹೆಸರು. ನಾನು ನೀರಿನ ತಂಬಿಗೆಗೆ ಕೈ ಚಾಚಿದರೆ ಸಾಕು, ನಿಮ್ಮವ್ವ ಒಳಗಿನಿಂದ ಓಡಿ ಬರುತ್ತಿದ್ದಳು.

“ಅತ್ತಿ, ಕೈ ಎತ್ತಬ್ಯಾಡ್ರಿ! ಹೊಲಿಗಿ ಬಿಚ್ತಾವ.”

“ಹೊಲಿಗಿ ತೆಗದು ಭಾಳ ದಿನ ಆಯ್ತಲ್ಲವ್ವ.”

“ಒಳಗಿನ ಹೊಲಿಗಿ ಇರ್ತಾವ್ರಿ. ಸುಮ್ ಕೂಡ್ರಿ ನೀವು. ಮುದುಕಿ ಕೈಲೆ ಕೆಲಸ ಮಾಡಸ್ತಾರಂತ ಮಂದಿ ಅಂತಾರ.”

ಮಂದಿ ಬರುತ್ತಲೇ ಇದ್ದರು. ಪುಣೆಯಲ್ಲಿರುವ ನಮ್ಮ ಕಡೆಯವರೆಲ್ಲ ಬಂದರು. ಬರುವಾಗ ಬಾಳೆಹಣ್ಣು ತಂದರು, ಕೂತು ಅವನ್ನೇ ತಿಂದರು, ಹೋಗುವಾಗ “ಆರಾಮ್ ಮಾಡ್ರಿ” ಎಂದು ಆಜ್ಞೆ ಕೊಟ್ಟು ಹೋದರು. ಆರಾಮ ಎಂಬ ಪದವನ್ನು ಅಷ್ಟು ಜನರ ಬಾಯಲ್ಲಿ ಕೇಳಿ ಕೇಳಿ ನನಗೆ ಸಾಕಾಗಿ ಹೋಗಿತ್ತು. ಆದರೆ ನಾನು ಎದುರಿಗೆ ಯಾವಾಗ ಏನು ಹೇಳಿದ್ದೇನೆ?

ಕೆಲವು ತಿಂಗಳಲ್ಲಿ ಬಲಗೈ ಬಾತುಕೊಂಡಿತು. ಮೊದಲು ಬೆರಳು ಮಡಚಿದರೆ ಬಿಗಿಯೆನಿಸುತ್ತಿತ್ತು, ಆಮೇಲೆ ಮೊಣಕೈ ಭಾರವಾಯಿತು, ಕೊನೆಗೆ ಇಡೀ ತೋಳು ನೀರು ತುಂಬಿದ ಚೀಲದಂತಾಯಿತು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಭುಜದಿಂದ ಮೇಲಕ್ಕೆ ಕೈ ಏಳುತ್ತಿರಲಿಲ್ಲ. ಕುಬುಸದ ತೋಳಿನೊಳಗೆ ಕೈ ಹೋಗುತ್ತಿರಲಿಲ್ಲ.

ನನಗೆ ಕಷ್ಟವಾದದ್ದು ಇದೇ. ನೋವಿಗೆ ನಾನು ಹೆದರುವವಳಲ್ಲ. ಆದರೆ ದಿನ ಬೆಳಗಾದರೆ ನಿಮ್ಮವ್ವ ಬಂದು ನಿಮ್ಮಪ್ಪನ ಹಳೆಯ ಅಂಗಿಯನ್ನು ನನಗೆ ತೊಡಿಸಬೇಕಿತ್ತು, ಅದರ ಮೇಲೆ ಸೀರೆ ಸುತ್ತಬೇಕಿತ್ತು. ತಿಳಿವಳಿಕೆ ಬಂದ ಮೇಲೆ ಹೆತ್ತ ತಾಯಿಗೂ ತೋರಿಸದ ಮೈ, ಅದೂ ಒಂದು ಕಡೆ ಹಲಗೆಯಂತಾದ ಮೈ, ದಿನವೂ ಸೊಸೆಯ ಕಣ್ಣೆದುರು. ಅವಳು ಪಾಪ, ಮುಖ ಆಚೆ ತಿರುಗಿಸಿ ಗುಂಡಿ ಹಾಕುತ್ತಿದ್ದಳು. ಅವಳು ಮುಖ ತಿರುಗಿಸುವುದನ್ನು ನಾನು ನೋಡುತ್ತಿದ್ದೆ. ಸಾಯುವ ಮುಂಚೆ ಒಂದು ಸಲವಾದರೂ ನನ್ನ ಕುಬುಸವನ್ನು ನಾನೇ ತೊಟ್ಟುಕೊಳ್ಳಬೇಕು ಎಂಬ ಆಸೆ ಬಿಟ್ಟರೆ ಆಗ ನನಗೆ ಬೇರೆ ಆಸೆ ಇರಲಿಲ್ಲ.

ನಿಮ್ಮವ್ವ ಫೋನಿನಲ್ಲಿ ಏನನ್ನೋ ಓದಿ, ಇದಕ್ಕೆ ವ್ಯಾಯಾಮ ಬೇಕಂತೆ ಎಂದು ಕಂಡುಹಿಡಿದಳು. ಆಸ್ಪತ್ರೆಯವರು ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ, ಫೋನು ಹೇಳಿದ್ದು ತಕ್ಷಣ ಬಿತ್ತು. ಮರುದಿನವೇ ನನ್ನನ್ನು ನಮ್ಮ ಕಟ್ಟಡದ ಹಿಂದಿನ ಉದ್ಯಾನಕ್ಕೆ ಕರೆದೊಯ್ದಳು. ಅಲ್ಲಿ ಪ್ರತಿದಿನ ಬೆಳಗ್ಗೆ ನಗುವವರ ಒಂದು ಗುಂಪು ಸೇರುತ್ತದೆ. ಯಾವುದೋ ಆಫೀಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಸಾಹೇಬರೊಬ್ಬರು ಅದರ ಯಜಮಾನರು. ಕೈಯಲ್ಲಿ ಮೈಕು, ಕಾಲಲ್ಲಿ ಹೊಳೆಯುವ ಬಿಳಿ ಬೂಟು. ಆಫೀಸಿನಲ್ಲಿ ಹೆದರಿಸಲು ಕೈಕೆಳಗೆ ಜನರಿದ್ದರು. ಈಗ ಇಲ್ಲ, ಹಾಗಾಗಿ ಮುದುಕಿಯರನ್ನು ನಗಿಸುತ್ತಾರೆ.

“ಹಸಾ! ಹಸಾ! ಪ್ರತ್ಯೇಕ ಪೇಶೀ ಹಸಲೀ ಪಾಹಿಜೇ!” ಎಂದು ಮರಾಠಿಯಲ್ಲಿ ಕೂಗಿದರು. ನಗಿರಿ, ದೇಹದ ಒಂದೊಂದು ಜೀವಕೋಶವೂ ನಗಬೇಕು ಎಂದು ಅರ್ಥ. ಎಲ್ಲರೂ ಆಕಾಶ ನೋಡುತ್ತ ಹೋ ಹೋ ಎಂದರು. ಬೇವಿನ ಮರದ ಕಾಗೆಗಳು ಎದ್ದು ಹೋದವು. ಹೊಟ್ಟೆಯೊಳಗೆ ನಗು ಇಲ್ಲದವರು ಅಷ್ಟು ಜೋರಾಗಿ ನಗುವುದನ್ನು ನಾನು ಊರಲ್ಲಿ ಹಗಲುವೇಷದವರಲ್ಲಿ ನೋಡಿದ್ದೆ. ಅವರಾದರೂ ಹೊಟ್ಟೆಪಾಡಿಗೆ ಮಾಡುತ್ತಿದ್ದರು.

ಆಮೇಲೆ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಬರಿಗೈಯಲ್ಲಿ ಬೀಸುಕಲ್ಲು ತಿರುಗಿಸುವ ಆಸನ ಮಾಡಿಸಿದರು. ಕಲ್ಲಿಲ್ಲ, ಗೂಟವಿಲ್ಲ, ಜೋಳವಿಲ್ಲ. ಗಾಳಿಯನ್ನು ಬೀಸುವುದು. ನಾನು ಹಳ್ಳಿಯವಳೆಂದು ನಿಮ್ಮವ್ವನಿಂದ ತಿಳಿದ ಕೂಡಲೇ ಸಾಹೇಬರಿಗೆ ಭಾಷಣಕ್ಕೆ ವಸ್ತು ಸಿಕ್ಕಿತು.

“ನೋಡಿ, ಈ ಕಾಕೂ ಹಳ್ಳಿಯಲ್ಲಿ ದಿನಾ ಬೀಸಿದವರು. ಹಳ್ಳಿಯ ಹೆಂಗಸರಿಗೆ ಅದೇ ವ್ಯಾಯಾಮ, ಅದಕ್ಕೇ ಅವರಿಗೆ ರೋಗವಿಲ್ಲ” ಎಂದರು ಮೈಕಿನಲ್ಲಿ. ಮರಾಠಿಯಲ್ಲಿ ಕಾಕೂ ಎಂದರೆ ಚಿಕ್ಕಮ್ಮ, ನಾನು.

ರೋಗವಿಲ್ಲದ ನಾನು ಬಾತ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದೆ. ನನ್ನವ್ವ ನಸುಕಿನಲ್ಲಿ ಬೀಸಿ, ಹಗಲು ಹೊಲದಲ್ಲಿ ಬಗ್ಗಿ, ಸಂಜೆ ನೀರು ಹೊತ್ತು, ಮುದುಕಿಯಾಗುವ ಮುಂಚೆಯೇ ನಡು ಮುರಿದು ಸತ್ತಳು. ಅವಳ ಬಲಭುಜ ಎಡಭುಜಕ್ಕಿಂತ ಕೆಳಗಿತ್ತು. ದುಡಿತ ಬೇರೆ, ವ್ಯಾಯಾಮ ಬೇರೆ. ದುಡಿತ ತನಗೆ ಬೇಕಾದ ಅಂಗವನ್ನು ತೇಯುತ್ತದೆ, ಉಳಿದದ್ದನ್ನು ಕೇಳುವುದೇ ಇಲ್ಲ. ಬಿಳಿ ಬೂಟಿನವರಿಗೆ ಇದು ಗೊತ್ತಿರಬೇಕಾದ ಅಗತ್ಯವಿಲ್ಲ. ಆದರೆ ಮೈಕು ಹಿಡಿಯಬೇಕಾದ ಅಗತ್ಯವೂ ಇರಲಿಲ್ಲ.

ಕೊನೆಗೆ ಎರಡೂ ಕೈ ಮೇಲೆತ್ತಲು ಹೇಳಿದರು. ನಾನು ಎಡಗೈ ಎತ್ತಿದೆ.

“ಕಾಕೂ, ದೋನ್ಹೀ ಹಾತ! ಲಾಜೂ ನಕಾ!” ಎರಡೂ ಕೈ, ನಾಚಬೇಡಿ ಎನ್ನುತ್ತ ಸಾಹೇಬರು ನನ್ನ ಬಳಿಗೇ ಬಂದರು. ಬಂದವರು ಸೆರಗಿನೊಳಗಿದ್ದ ಬಲಗೈಯ ಮಣಿಕಟ್ಟು ಹಿಡಿದು ಮೇಲಕ್ಕೆ ಎಳೆದೇ ಬಿಟ್ಟರು. ಸೆರಗು ಜಾರಿತು. ಗುಂಪಿನವರೆಲ್ಲ ತೋಳನ್ನೂ ನೋಡಿದರು, ಅಂಗಿಯ ಬರಿದಾದ ಬಲಮಗ್ಗುಲನ್ನೂ ನೋಡಿದರು. ಹೋ ಹೋ ಎನ್ನುತ್ತಿದ್ದ ಬಾಯಿಗಳು ಹಾಗೇ ತೆರೆದುಕೊಂಡಿದ್ದವು. ನಾನು ಸೆರಗು ಹೊದ್ದು ಮನೆಗೆ ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ.

ಆಮೇಲೆ ಊರಿನಿಂದ ನನ್ನ ತಂಗಿ ಬಂದಳು. ಅವಳು ನಮ್ಮ ಓಣಿಯ ಬಾಣಂತಿಯರಿಗೆಲ್ಲ ಎಣ್ಣೆ ತಿಕ್ಕಿ ಎರೆದವಳು. ಅವಳ ಕಣ್ಣಿಗೆ ಲೋಕದ ಹೆಂಗಸರೆಲ್ಲ ಬಾಣಂತಿಯರೇ.

“ಅಕ್ಕಾ, ಇದು ಬರೇ ನೀರು ಕಟ್ಯಾದ. ನಾಕು ದಿನ ತಿಕ್ಕಿ ಸುಡು ಸುಡು ನೀರು ಹಾಕಿದ್ರ ಇಳೀತದ. ಪುಣೆದಾಗ ಇದ್ದು ಏನ್ ಕಲ್ತೀರೊ ನೀವು!”

“ಡಾಕ್ಟರಿಗೆ ಒಂದ್ ಮಾತು ಕೇಳೋಣೇನ?” ಎಂದೆ.

“ಡಾಕ್ಟರ್ ಹಡದಾನೇನ?” ಎಂದಳು.

ಹಡೆಯುವುದಕ್ಕೂ ನನ್ನ ತೋಳಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಅವಳು ಬಿಸಿ ಎಣ್ಣೆ ಹಚ್ಚಿ, ಹೆಬ್ಬೆರಳು ಒತ್ತಿ, ರೊಟ್ಟಿಯ ಹಿಟ್ಟು ನಾದಿದಂತೆ ನಾದಿದಳು. ಮೇಲೆ ಹೊಗೆಯಾಡುವ ನೀರು ಸುರಿದಳು. ನಿಮ್ಮವ್ವ ಬಚ್ಚಲ ಬಾಗಿಲಲ್ಲಿ ನಿಂತು ಮೆಚ್ಚಿ ನೋಡಿದಳು. ಇದನ್ನು ದಿನವೂ ಮಾಡಿದರು. ತೋಳು ಇಳಿಯುವ ಬದಲು ಕೆಂಪಗಾಯಿತು, ಮುಟ್ಟಿದರೆ ಕೆಂಡ. ಚಳಿ ಬಂದು ಹಲ್ಲು ಕಟಕಟ ಎಂದವು. ನಿಮ್ಮಪ್ಪ ಕೆಲಸದ ಪಾಳಿ ಬಿಟ್ಟು ಬಂದು ಆಸ್ಪತ್ರೆಗೆ ಒಯ್ದ. ತೋಳಿನಲ್ಲಿ ನಂಜು ಏರಿತ್ತು. ತಂಗಿ ಆ ವಾರವೇ ಊರಿಗೆ ಹೊರಟಳು. ಹೋಗುವಾಗ “ನಿಮ್ಮ ಗ್ಯಾಸಿನ ನೀರಿನಾಗ ಗುಣ ಇಲ್ಲ, ಕಟಗಿ ಒಲಿ ಬೇಕು” ಎಂದಳು.

ನಂಜು ಇಳಿದ ಮೇಲೆ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯ ಬಳಿಗೆ ಕಳಿಸಿದರು. ಆ ಹುಡುಗಿಗೆ ಮರ್ಯಾದೆ ಕಡಿಮೆ. ಬಾಯಲ್ಲಿ ಏನನ್ನೋ ಅಗಿಯುತ್ತಿದ್ದಳು, ನಡುನಡುವೆ ಫೋನು ನೋಡುತ್ತಿದ್ದಳು. ಅದು ನನಗೆ ಅನುಕೂಲವೇ ಆಯಿತು. ನನ್ನ ಎದೆಯ ಕಡೆ ಅವಳು ಗೋಡೆಯನ್ನು ನೋಡಿದಂತೆ ನೋಡಿದಳು. ಕನಿಕರವೂ ಇಲ್ಲ, ಮುಖ ತಿರುಗಿಸುವುದೂ ಇಲ್ಲ. ಅವಳ ಮರಾಠಿಯನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ಎಷ್ಟ್ ತಿಂಗಳಿಂದ ಕೂತೀರಿ?” ಎಂದು ಕೇಳಿದಳು.

“ಮಂದಿ ಆರಾಮ್ ಮಾಡ್ರಿ ಅಂದ್ರು” ಎಂದೆ.

“ಆ ಮಂದಿಗೆ ಇಲ್ಲಿ ಕರಕೊಂಡ್ ಬರ್ರಿ, ಅವರ ಕೈನೂ ಕಟ್ಟಿ ಕೂರಸ್ತೀನಿ” ಎಂದಳು. ನಿಮ್ಮವ್ವ ನೆಲ ನೋಡಿದಳು.

ಆಮೇಲೆ ಹುಡುಗಿ ತಿಳಿಸಿ ಹೇಳಿದಳು. “ನಿಮ್ಮ ಮೈಯಾಗಿನ ಒಂದೊಂದು ಜೀವಕೋಶದ ಸುತ್ತ ನೀರು ಇರ್ತದ. ಜೀವಕೋಶ ಬ್ಯಾಡಾಗಿದ್ದು ಅದರಾಗ ಬಿಡ್ತದ. ಆ ನೀರನ್ನ ವಾಪಸ್ ಒಯ್ಯಾಕ ಸಣ್ಣ ಸಣ್ಣ ನಾಳ ಅವ, ಕೈಯಾಗಿನವು ಕಂಕಳಾಗಿನ ಗ್ರಂಥಿ ಹಾದು ಹೋಗ್ತಾವ. ರಕ್ತಕ್ಕಾದ್ರ ಹೃದಯ ಅದ, ದೂಡತದ. ಈ ನೀರಿಗೆ ಹಂಗ ದೂಡೋ ಹೃದಯ ಇಲ್ಲ. ಸ್ನಾಯು ಹಿಂಡಿದ್ರ ಮುಂದ ಹೋಗ್ತದ, ಉಸಿರು ಎಳದ್ರ ಮ್ಯಾಲ ಏರ್ತದ. ನೀವು ಕೂತ್ರ ಅದೂ ಕೂಡ್ತದ.”

“ಕಂಕಳಾಗಿನ ಗ್ರಂಥಿನೇ ತೆಗದಾರಲ್ಲ, ದಾರಿ ಎಲ್ಲದ?” ಎಂದು ಕೇಳಿದೆ. ಎದುರಿಗೆ ಪ್ರಶ್ನೆ ಕೇಳಿದ್ದಕ್ಕೆ ನನಗೇ ಆಶ್ಚರ್ಯವಾಯಿತು.

“ದೊಡ್ಡ ರಸ್ತಾ ಬಂದ್ ಆಗ್ಯಾದ. ಓಣಿ ಅವ. ದಿನಾ ನಡದ್ರ ಓಣಿನೂ ರಸ್ತಾ ಆಗ್ತದ. ಪೂರಾ ಇಳೀತದ ಅಂತ ನಾ ಹೇಳಂಗಿಲ್ಲ. ಆದ್ರ ಕೈ ನಿಮ್ಮ ಮಾತು ಕೇಳ್ತದ. ಬಿಸಿ ನೀರು ಬ್ಯಾಡ, ತಿಕ್ಕೋದು ಬ್ಯಾಡ, ಆ ಕೈಗೆ ಸೂಜಿ ಚುಚ್ಚಿಸ್ಕೊಬ್ಯಾಡ್ರಿ.”

ನಮ್ಮೂರಲ್ಲಿ ಬಚ್ಚಲ ನೀರು ಹಿತ್ತಲಿನ ಕಾಲುವೆಯಲ್ಲಿ ನಿಂತರೆ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ, ಸಲಿಕೆ ಹಿಡಿದು ಹೋಗುತ್ತಿದ್ದರು. ಯಾರೂ ಕಾಲುವೆಗೆ ಆರಾಮ ಮಾಡು ಎನ್ನುತ್ತಿರಲಿಲ್ಲ.

ಮೊದಲು ಕೆಲವು ವಾರ ತೋಳಿಗೆ ಪದರ ಪದರವಾಗಿ ಪಟ್ಟಿ ಸುತ್ತಿದರು. ಆಮೇಲೆ ಚರ್ಮದ ಬಣ್ಣದ, ಬಿಗಿಯಾದ ಉದ್ದ ತೋಳುಚೀಲ ಕೊಟ್ಟರು. ಅದನ್ನು ಹಾಕಿಕೊಂಡು ಮಾಡಬೇಕಾದ ವ್ಯಾಯಾಮ ಎಂಥದು ಗೊತ್ತೇ? ಹೊಟ್ಟೆ ಉಬ್ಬುವಂತೆ ಉಸಿರೆಳೆದು ಬಿಡುವುದು. ಮುಷ್ಟಿ ಕಟ್ಟುವುದು, ಬಿಚ್ಚುವುದು. ಭುಜ ತಿರುಗಿಸುವುದು. ಗೋಡೆಗೆ ಬೆರಳು ಹಚ್ಚಿ ಹಲ್ಲಿಯಂತೆ ಮೇಲೆ ಹತ್ತಿಸುವುದು, ಕೆಳಗೆ ಇಳಿಸುವುದು. ಇಷ್ಟು ಸಪ್ಪೆ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಬೀಸಿದರೆ ಹಿಟ್ಟಾದರೂ ಬರುತ್ತದೆ. ಇದರಲ್ಲಿ ಬರುವುದು ಗೋಡೆಯ ಮೇಲಿನ ಬೆರಳ ಕಲೆ. ನೀವಿಬ್ಬರೂ ಹಿಂದೆ ನಿಂತು ಗೋಡೆ ಹತ್ತಿ ನನ್ನನ್ನು ಅಣಕಿಸುತ್ತಿದ್ದಿರಿ. ಅಣಕಿಸುವವರು ಇದ್ದದ್ದರಿಂದ ಬೇಸರ ಸ್ವಲ್ಪ ಕಡಿಮೆಯಾಯಿತು.

ನಿಮ್ಮವ್ವ ಮಾತ್ರ ಬದಲಾದಳು. ಮೊದಲು “ಕೈ ಎತ್ತಬ್ಯಾಡ್ರಿ” ಎನ್ನುತ್ತಿದ್ದವಳು ಈಗ ಅಡುಗೆಮನೆಯಿಂದಲೇ “ಅತ್ತಿ, ಹಲ್ಲಿ ಆಯ್ತೇನ್ರಿ?” ಎಂದು ಕೂಗತೊಡಗಿದಳು. ನಾನು ಮಾಡದೆ ಮಾಡಿದೆ ಎಂದರೆ ಬಂದು ತೋಳು ಮುಟ್ಟಿ ನೋಡುತ್ತಿದ್ದಳು. ಬಿಟ್ಟ ದಿನ ತೋಳು ಸುಳ್ಳು ಹೇಳುತ್ತಿರಲಿಲ್ಲ.

ಬಾವು ಮೆಲ್ಲಗೆ ಇಳಿಯಿತು. ಇಳಿದದ್ದೇ ತಡ, ಯಶಸ್ಸಿನ ವಾರಸುದಾರರು ಹುಟ್ಟಿಕೊಂಡರು. ತಂಗಿ ಫೋನು ಮಾಡಿ, “ನಾ ತಿಕ್ಕಿದ ಎಣ್ಣಿ ಈಗ ಕೆಲಸ ಮಾಡ್ಲಾಕತ್ಯಾದ ನೋಡಕ್ಕ, ಒಳಗ ಇಳೀಲಾಕ ಟೈಮ್ ಬೇಕು” ಎಂದಳು. ಲಿಫ್ಟಿನಲ್ಲಿ ಸಿಕ್ಕ ಸಾಹೇಬರು ನನ್ನ ಕೈ ನೋಡಿ ನಿಮ್ಮವ್ವನಿಗೆ, ಒಂದೇ ದಿನ ಬಂದರೂ ನಗುವಿನ ಪರಿಣಾಮ ಹೇಗಿದೆ ನೋಡಿ ಎಂದರು. ನಾನು ಸೆರಗು ಸರಿಮಾಡಿಕೊಂಡು ಲಿಫ್ಟಿನ ಬಾಗಿಲು ನೋಡುತ್ತ ನಿಂತೆ. ಅಂಥವರಿಗೆ ಉತ್ತರ ಕೊಟ್ಟರೆ ಅವರು ಮಾತು ಆಡಿದ್ದಾರೆ ಎಂದು ಒಪ್ಪಿಕೊಂಡಂತೆ.

ಒಂದು ಬೆಳಗ್ಗೆ ನಿಮ್ಮವ್ವ ಅಂಗಿ ಹಿಡಿದು ಬರುವ ಹೊತ್ತಿಗೆ ನಾನು ಹಳೆಯ ಕುಬುಸವೊಂದರ ಬಲತೋಳಿನ ಹೊಲಿಗೆ ಬಿಚ್ಚಿ, ಅದನ್ನು ತೊಟ್ಟು, ಮುಂದಿನ ಕೊಂಡಿ ಹಾಕಿಕೊಂಡು ಕೂತಿದ್ದೆ. ಒಂದು ಕೊಂಡಿ ತಪ್ಪಿ ಕುಬುಸ ಸೊಟ್ಟಗಿತ್ತು.

“ಯಾರ್ ಹಾಕ್ಯಾರ್ರಿ ಅತ್ತಿ?”

“ಇನ್ಯಾರ್ ಹಾಕ್ತಾರ?”

ಅವಳು ಸೊಟ್ಟ ಕೊಂಡಿಯ ಕಡೆ ಕೈ ಚಾಚಿದಳು. ನಾನು ಆ ಕೈಯನ್ನು ಪಕ್ಕಕ್ಕೆ ಸರಿಸಿದೆ, ನನ್ನ ಬಲಗೈಯಿಂದ. ಅವಳು ನಕ್ಕು ಅಂಗಿಯನ್ನು ನೆಲ ಒರೆಸಲು ಒಯ್ದಳು.

ಆ ವಾರ ನಾವಿಬ್ಬರೂ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಅರಿವೆ ಕೊಂಡು, ಅಲ್ಲೇ ಹೊಲಿಯುವ ಹೆಂಗಸಿನ ಅಂಗಡಿಗೆ ಹೋದೆವು. ಬೇರೆ ಗಿರಾಕಿ ಹೆಂಗಸರೂ ಇದ್ದರು. ಆಕೆ ಟೇಪು ಹಿಡಿದು ಎಡತೋಳು ಅಳೆದಳು, ಬಲತೋಳು ಅಳೆದಳು, ಮತ್ತೆ ಬಲತೋಳು ಅಳೆದಳು.

“ಕಾಕೂ, ಎರಡು ತೋಳು ಎರಡು ನಮೂನೆ ಹೊಲೀಲೇನು? ಹೊಸಾ ಫ್ಯಾಶನ್ನಾ?” ಎಂದು ಮರಾಠಿಯಲ್ಲಿ ಕೇಳಿ ಉಳಿದವರ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಒಂದಿಬ್ಬರು ನಕ್ಕರು. ನಿಮ್ಮವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ.

“ಹೌದು, ಹಾಗೇ ಹೊಲಿ. ಕೊಂಡಿ ಮುಂದಕ್ಕಿರಲಿ, ನಾನೇ ಹಾಕಿಕೊಳ್ಳುವಂತೆ” ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿ, ಎದೆಯ ಅಳತೆ ತೆಗೆಯಲು ಎರಡೂ ಕೈ ಎತ್ತಿ ನಿಂತೆ. ಬಲಗಡೆ ಟೇಪು ಒಳಕ್ಕೆ ಕುಸಿದಾಗ ಆಕೆಯ ನಗು ನಿಂತಿತು. ನಕ್ಕಿದ್ದವರು ತಮ್ಮ ತಮ್ಮ ಅರಿವೆ ಮಡಚತೊಡಗಿದರು. ಆಕೆ ಅಳತೆ ಬರೆದು ಮುಗಿಸುವವರೆಗೂ ನಾನು ಕೈ ಇಳಿಸಲಿಲ್ಲ.