ಅತ್ತಿ ಸುತ್ತಿದ ಕಾಯಿಲ್

ಕರಗಿದ ಮೇಣದ ವಾಸನೆ ಎಲ್ಲೇ ಮೂಗಿಗೆ ಬಡಿಯಲಿ, ನರೋಣಾದ ನಮ್ಮ ಪಡಸಾಲೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಈಗ ಆ ಮನೆಯೂ ಇಲ್ಲ, ಮನೆಯವರೂ ಇಲ್ಲ. ಅಲ್ಲಿ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಒಳಗಿನ ಕಾಯಿಲ್ ಸುತ್ತುವವಳು ಮಾತ್ರ ಅವರ ಅಕ್ಕ, ನಮ್ಮ ಗೌರತ್ತಿ. ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದವಳು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಕೊಳವೆಗೆ ಸುತ್ತುತ್ತ ಸುತ್ತಿಗೊಮ್ಮೆ ‘ಶಿವಾ’ ಅನ್ನುತ್ತಿದ್ದಳು, ಹತ್ತಾದರೆ ಒಂದು ಜೋಳದ ಕಾಳು ಪಕ್ಕಕ್ಕಿಡುತ್ತಿದ್ದಳು, ಕೊನೆಗೆ ಮೇಣ ಹನಿಸಿ ಬಿಗಿ ಮಾಡುತ್ತಿದ್ದಳು. ಓದು ಬಾರದವಳು. ಆ ಕೆಲಸಕ್ಕೆ ಕೂತಾಗ ಮಾತ್ರ ಮನೆಯಲ್ಲಿ ಯಾರೂ ಅವಳನ್ನು ‘ಏಳಬೇ’ ಅನ್ನುತ್ತಿರಲಿಲ್ಲ.

ನಾನು ಆಳಂದದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ್ದೆ. ಏನು ಧಿಮಾಕು ನನ್ನದು! ಖಜೂರಿಯ ಗಿರಾಕಿಯೊಬ್ಬನ ರೇಡಿಯೋ “ಸ್ಟೇಷನ್ನೇ ಹಿಡಿಯೂದಿಲ್ರಿ” ಅಂತ ವಾಪಸ್ ಬಂದಾಗ, ಲ್ಯಾಬಿನಿಂದ ಕಾಡಿಬೇಡಿ ಮೀಟರ್ ತಂದು ಅತ್ತಿಯ ಕಾಯಿಲ್ ಅಳೆದೆ. ಕಾಯಿಲ್‌ನ ಅಳತೆ ಎಷ್ಟಿರಬೇಕೆಂದು ಅಪ್ಪ ಬರೆದಿಟ್ಟ ಚೀಟಿಯಲ್ಲಿ ಇನ್ನೂರು ಅಂತಿತ್ತು. ಮುಳ್ಳು ಪಾಯಿಂಟ್ ಎರಡಕ್ಕೆ ನಿಂತಿತು. “ಈಕಿಗಿ ಎಣಿಸಾಕೇ ಬರೂದಿಲ್ಲ,” ಅಂದೆ, ಓಣಿಯವರೆದುರಿಗೇ.

ಅಪ್ಪ ಕಾಳಿನ ಬಟ್ಟಲು ಎತ್ತಿ ಅಂಗಳಕ್ಕೆ ಎಸೆದರು. ಸುತ್ತಿಟ್ಟ ಕಾಯಿಲ್‌ಗಳನ್ನೆಲ್ಲ ಅವಳ ಕೈಯಿಂದಲೇ ಕತ್ತರಿಸಿ ಹಾಕಿಸಿದರು. “ರೊಟ್ಟಿ ಬಡಿ ಹೋಗಬೇ. ಇನ್ನ ಇದನ್ನ ಮುಟ್ಟಿದ್ರ ನೋಡು.” ಬೇರೆ ಕಾಯಿಲ್ ಹಾಕಿದರೂ ಆ ರೇಡಿಯೋ ಗೊರ್ರೆನ್ನುತ್ತಲೇ ಇತ್ತು, ಅದನ್ನು ಯಾರೂ ಕೇಳಲಿಲ್ಲ. ಬಂದವರಿಗೆಲ್ಲ ಅಪ್ಪ, “ನನ್ನ ಮಗಳು ಹಿಡದ್ಲು ನೋಡ್ರಿ” ಅನ್ನುತ್ತಿದ್ದರು.

ಪರೀಕ್ಷೆಗೆ ಓದುವಾಗ ಪುಸ್ತಕದ ಒಂದು ಸಾಲಿಗೆ ಬಂದು ನಿಂತೆ. ಕಾಯಿಲ್ ಅಳೆಯುವ ಮಾಪ ಹೆನ್ರಿ; ಒಂದು ಮಿಲಿಹೆನ್ರಿಗೆ ಸಾವಿರ ಮೈಕ್ರೋಹೆನ್ರಿ. ಚೀಟಿಯಲ್ಲಿದ್ದದ್ದು ಮೈಕ್ರೋ, ಮೀಟರ್ ತೋರಿಸಿದ್ದು ಮಿಲಿ. ಆ ಇನ್ನೂರೂ ಈ ಪಾಯಿಂಟ್ ಎರಡೂ ಒಂದೇ! ಅತ್ತಿ ಒಂದು ಸುತ್ತೂ ತಪ್ಪಿರಲಿಲ್ಲ. ಹೇಳಿದರೆ ಅಪ್ಪ ಕಾಲೇಜು ಬಿಡಿಸುತ್ತಾರೆಂದು ಬಾಯಿ ಹೊಲಿದುಕೊಂಡೆ. ಹೇಡಿ ನಾನು. ಅತ್ತಿ ಒಲೆಯ ಮುಂದೆ ಕೂತು ತನ್ನ ಬೆರಳುಗಳನ್ನೇ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದಳು.

ಅವಳು ಹಾಸಿಗೆ ಹಿಡಿಯುವ ಹೊತ್ತಿಗೆ ಅಪ್ಪ ತೀರಿಹೋಗಿದ್ದರು, ನಾನು ಮಕ್ಕಳಿಗೆ ಇದೇ ಪಾಠ ಕಲಿಸುತ್ತಿದ್ದೆ. ಅಂಜಲು ಯಾರೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಅತ್ತಿ ಕೇಳಿದಳು, “ಶಾಂತವ್ವ, ಅವತ್ತ ಎಷ್ಟ್ ಸುತ್ತ ಕಡಿಮಿ ಬಿದ್ದಿದ್ವು?”

“ಭಾಳ ಏನಿಲ್ಲತ್ತಿ. ನಾಕೈದು,” ಅಂದೆ.

“ತಪ್ಪಾತವ್ವ,” ಅಂದು ಅತ್ತಿ ನನಗೆ ಕೈ ಮುಗಿದಳು.