ಗೇಟಿನಲ್ಲಿ ಮಾವ, ಇಸ್ತ್ರಿಯಲ್ಲಿ ಸೊಸೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಲಾಂಡ್ರಿಯ ಒಳಗೆ ಆಗಲೇ ಹಬೆ ತುಂಬಿದೆ. ಹೋಟೆಲುಗಳ ಹಾಸಿಗೆ ಬಟ್ಟೆಯ ರಾಶಿಯ ಮುಂದೆ ನಿಂತ ಇಸ್ತ್ರಿ ಅಕ್ಕನ ಕೈ ಕೆಲಸದಲ್ಲಿದೆ, ಕಣ್ಣು ಮಾತ್ರ ಕಿಟಕಿಯಾಚೆಯ ಗೇಟಿನ ಮೇಲಿದೆ. ಅಲ್ಲಿ ಗರಿಗರಿ ಖಾಕಿ ತೊಟ್ಟು, ಕುರ್ಚಿಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ ಅವರ ಮಾವ. ಪಾಳಿ ಮುಗಿಯುವವರೆಗೆ ಮಾವ ಅಲ್ಲಿಂದ ಕದಲದಿದ್ದರೆ ಸೊಸೆಯ ಕೆಲಸ ಉಳಿಯುತ್ತದೆ. ಇದನ್ನು ನೋಡಿ ಬರೆಯಲು ಬಂದ ನಾನೂ ಗೇಟಿನಿಂದ ಕಣ್ಣು ಕೀಳುತ್ತಿಲ್ಲ.

ಮಾವ ಬದುಕಿಡೀ ಕಾವಲುಗಾರರಾಗಿದ್ದವರು. ಮರೆವಿನ ಕಾಯಿಲೆ ಮಗನ ಹೆಸರನ್ನೂ ನುಂಗಿ ನೀರು ಕುಡಿದಿದೆ, ಡ್ಯೂಟಿಯನ್ನು ಮಾತ್ರ ಮುಟ್ಟಿಲ್ಲ. ಬೆಳಗಾದರೆ ಡ್ಯೂಟಿಗೆಂದು ಎಲ್ಲಿಗೋ ಹೊರಟೇಬಿಡುತ್ತಾರೆ. ಮಗ ಲಾರಿ ಓಡಿಸುತ್ತಾ ಊರೂರು ಅಲೆಯುವವರು. ಹಾಗಾಗಿ ಹುಡುಕುವ ಪಾಡು ಸೊಸೆಯದು, ಅದೂ ಪಾಳಿಯ ನಡುವೆ. ಇನ್ನೊಂದು ಸಲ ಪಾಳಿ ಬಿಟ್ಟು ಓಡಿದರೆ ಕೆಲಸವಿಲ್ಲ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ ಮೇಲೆ ಅಕ್ಕ ಮನೆಗೆ ಹೊರಗಿನಿಂದ ಬೀಗ ಹಾಕಿ ಬಂದರು.

"ವಾಪಸ್ ಹೋಗಿ ನೋಡಿದ್ರೆ ಬಾಗ್ಲು ಬಡ್ದು ಬಡ್ದು ಮಾವನ ಅಂಗೈ ಊದ್ಕೊಂಡಿತ್ತು. ಅವತ್ತು ನಂಗೆ ಒಂದು ತುತ್ತೂ ಇಳೀಲಿಲ್ಲ" ಎನ್ನುತ್ತಾರೆ. ಮಾರನೆಯ ದಿನವೇ ಟ್ರಂಕಿನಲ್ಲಿದ್ದ ಖಾಕಿಗೆ ಇಸ್ತ್ರಿ ಹಾಕಿದರು. ಹೇಗೂ ಲಾಂಡ್ರಿಯ ಗೇಟಿಗೆ ಕಾವಲಿಲ್ಲ. ಮಾವನನ್ನು ಅಲ್ಲಿ ಕೂರಿಸಲು ಕಾಡಿ ಬೇಡಿ ಮ್ಯಾನೇಜರಿಂದ ಒಂದು ದಿನದ ಒಪ್ಪಿಗೆ ಪಡೆದರು. ಆ ದಿನವೇ ಇದು.

ಅಷ್ಟರಲ್ಲಿ ಮ್ಯಾನೇಜರ್ ಬರುತ್ತಾರೆ. ಮಾವ ಎದ್ದು ಕೈ ಅಡ್ಡ ಹಿಡಿಯುತ್ತಾರೆ.

"ಕಾರ್ಡ್ ತೋರ್ಸಿ."

"ನಾನು ಮ್ಯಾನೇಜರ್ ಕಣ್ರೀ."

"ಎಲ್ಲಾರೂ ಹಾಗೇ ಹೇಳ್ತಾರೆ."

ಕಾರ್ಡಿಲ್ಲದೆ ಪ್ರವೇಶವಿಲ್ಲ ಎಂಬ ಫಲಕ ಹಾಕಿಸಿದವರು ಸ್ವತಃ ಮ್ಯಾನೇಜರೇ. ಅವರ ಕಾರ್ಡು ಮನೆಯಲ್ಲಿದೆ. ಒಳಗೆ ಇಸ್ತ್ರಿಗಳೆಲ್ಲ ನಿಲ್ಲುತ್ತವೆ. ಕೆಟ್ಟಿತು ಕೆಲಸ ಎಂದುಕೊಳ್ಳುತ್ತೇನೆ.

ಮಾವ ಒಳಕ್ಕೆ ತಿರುಗಿ ಕೂಗುತ್ತಾರೆ: "ಇವರ ಪರಿಚಯ ಯಾರಿಗಾದ್ರೂ ಇದೆಯಾ?"

ಅಕ್ಕ ಸೆರಗಿನಲ್ಲಿ ಬೆವರೊರೆಸಿಕೊಂಡು ಗೇಟಿಗೆ ಬರುತ್ತಾರೆ. "ನಂಗೆ ಗೊತ್ತು. ಒಳ್ಳೆಯವರು. ಒಳಗೆ ಬಿಡಿ ಮಾವ."

ಮಾವ ಸೊಸೆಯನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಗುರುತು ಸಿಕ್ಕಿಲ್ಲ. "ನಿನ್ನ ಮಾತಿನ ಮೇಲೆ ಬಿಡ್ತಿದ್ದೀನಮ್ಮ" ಎಂದು ಕೈ ಇಳಿಸುತ್ತಾರೆ.

ಮ್ಯಾನೇಜರ್ ಗೇಟು ದಾಟುತ್ತಾರೆ. ಬಾಗಿಲಲ್ಲಿ ನಿಂತು, ಗೇಟಿನತ್ತ ತಿರುಗದೆಯೇ ಅಕ್ಕನಿಗೆ ಹೇಳುತ್ತಾರೆ: "ನಾಳೆ ಕಾರ್ಡ್ ತರ್ತೀನಿ ಅಂತ ಅವರಿಗೆ ಹೇಳಮ್ಮ."

ಇಸ್ತ್ರಿ ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಬರೆಯಲು ಬಂದವನೆಂಬುದನ್ನೂ ಮರೆತು.

ಪಾಳಿ ಮುಗಿದಾಗಲೂ ಮಾವ ಕುರ್ಚಿಯಲ್ಲೇ ಇದ್ದರು. ಮುಂದೇನು ಆಸೆ ಎಂದು ಅಕ್ಕನನ್ನು ಕೇಳಿದೆ. ಅವರು ಮಾವನ ಕಾಲರ್ ಸರಿಮಾಡುತ್ತಾ ಹೇಳಿದರು: "ಇರೋದು ಒಂದೇ ಜೊತೆ ಖಾಕಿ. ಇನ್ನೊಂದು ಹೊಲಿಸ್ಬೇಕು, ಅಷ್ಟೇ. ಈಗ ಒಗ್ದು ಹಾಕಿದ್ರೆ ಬೆಳಿಗ್ಗೆ ಹೊತ್ತಿಗೆ ಒಣಗ್ಬೇಕಲ್ಲ. ನಾಳೇನೂ ನಮ್ಮ ಮಾವನಿಗೆ ಡ್ಯೂಟಿ ಇದೆ."