ಕೇಳಿದ ವಿಷಯಕ್ಕೆ ಮಾತ್ರ

ಸುಂಕದ ಕಚೇರಿಯ ಮೂರನೇ ಮಹಡಿಯಲ್ಲಿ, ಕಕ್ಕಸಿನ ಪಕ್ಕಕ್ಕೆ ಒಂದು ಉದ್ದನೆಯ ಕೋಣೆಯಿದೆ. ಹೊರದೇಶದ ಸುಂಕದವರೊಂದಿಗೆ ಪತ್ರ ವ್ಯವಹಾರ ನಡೆಸುವ ವಿಭಾಗ ಅದು. ದೇಶ ದೇಶಗಳ ನಡುವೆ ಒಪ್ಪಂದವಾಗುವಾಗ ದೊಡ್ಡವರು ಕೈಕುಲುಕಿ ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗುತ್ತಾರೆ. ಆಮೇಲೆ ಆ ಒಪ್ಪಂದದ ಜೊತೆ ಏಗಬೇಕಾದವರು ಇಂಥ ಕೋಣೆಯ ಗುಮಾಸ್ತರು. ಈ ಸರಕು ನಿಮ್ಮಲ್ಲಿಂದಲೇ ಹೊರಟಿದ್ದು ನಿಜವೇ, ಇದರ ಬೆಲೆ ಇಷ್ಟೇ ಹೌದೇ ಎಂದು ಇಲ್ಲಿಂದ ಕೇಳಬೇಕು, ಅಲ್ಲಿಂದ ಹೇಳಬೇಕು. ಇಪ್ಪತ್ತಾರು ವರ್ಷದಿಂದ ಈ ಕೇಳುವ ಕೆಲಸ ಮಾಡಿಕೊಂಡು ಬಂದವಳು ನಮ್ಮ ಲಗತ್ತಕ್ಕ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಸಂಬಳದ ಪಟ್ಟಿ ಬಿಟ್ಟರೆ ಇನ್ನೆಲ್ಲೂ ಅದು ಚಲಾವಣೆಯಲ್ಲಿರಲಿಲ್ಲ. ಬಂದ ಪತ್ರದ ಮೊದಲ ಪುಟ ಓದಿ, ಸಹಿ ಹಾಕಿ, ಮುಂದಿನ ಮೇಜಿಗೆ ತಳ್ಳುವುದು ಕಚೇರಿಯ ವಾಡಿಕೆ. ಅದರ ಬೆನ್ನಿಗೆ ಲಗತ್ತಿಸಿದ ನೂರಾರು ಪುಟಗಳನ್ನು ಓದುವ ಹುಚ್ಚು ಯಾರಿಗಿದೆ? ಆಕೆಗಿತ್ತು. ಸ್ಕೇಲು ಇಟ್ಟುಕೊಂಡು ಒಂದೊಂದೇ ಸಾಲು ಓದುತ್ತಿದ್ದಳು. ಹಾಗಾಗಿ ಲಗತ್ತಕ್ಕ.

ಹೊರದೇಶದಿಂದ ಬರುವ ಪ್ರತಿ ಪುಟದ ನೆತ್ತಿಯ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ: ‘ಈ ಮಾಹಿತಿಯನ್ನು ಕೇಳಿದ ವಿಷಯಕ್ಕೆ ಮಾತ್ರ ಬಳಸತಕ್ಕದ್ದು.’ ಕೊಟ್ಟ ದೇಶದವರ ಲಿಖಿತ ಒಪ್ಪಿಗೆ ಇಲ್ಲದೆ ಅದನ್ನು ಇನ್ನೊಂದು ಕೇಸಿಗೆ ಉಪಯೋಗಿಸುವಂತಿಲ್ಲ, ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಒಮ್ಮೆ ಕಾನೂನು ವಿಭಾಗದ ಅಧಿಕಾರಿಯೇ ಬಂದು, “ಒಂದು ಪುಟ ನೋಡ್ಕೊಂಡು ಕೊಡ್ತೀನಿ ಕಣಮ್ಮ” ಎಂದು ಹಲ್ಲುಗಿಂಜಿದರೂ ಈಕೆ ಬೀರುವಿನ ಬೀಗದ ಕೈ ಸೊಂಟದಿಂದ ತೆಗೆಯಲಿಲ್ಲ. ಅವರು ಬೈದುಕೊಂಡು ಹೋದರು. ಈಕೆಗೆ ಅದೇ ದೊಡ್ಡ ಬಿರುದು ಸಿಕ್ಕಂತಾಯಿತು. ನಿಯಮ ಪಾಲಿಸುವುದರಲ್ಲಿ ಇಷ್ಟು ಸುಖವಿರಬಾರದು, ಅದು ಬೇರೆ ಮಾತು.

ಆಕೆಗೆ ಮದುವೆಯಾಗಲಿಲ್ಲ. ಇದ್ದವನೊಬ್ಬ ತಮ್ಮ, ಒಂಬತ್ತು ವರ್ಷ ಚಿಕ್ಕವನು. ತಾಯಿ ತೀರಿಕೊಂಡ ಮೇಲೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಈಕೆಯೇ, ಪರೀಕ್ಷೆಗೆ ಕೂರಿಸಿ ಇದೇ ಕಚೇರಿಗೆ ಸೇರಿಸಿದವಳೂ ಈಕೆಯೇ. ಅವನು ಕೆಳಗೆ ಉಗ್ರಾಣದಲ್ಲಿ ಸರಕಿನ ಪರೀಕ್ಷಕನಾಗಿದ್ದ. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

ಆರು ವರ್ಷದ ಹಿಂದೆ, ಹಡಗಿನಿಂದ ಇಳಿದ ಒಂದು ಕಂಟೇನರು ಮೂರು ದಿನ ಅವನ ಉಗ್ರಾಣದಲ್ಲಿತ್ತು. ಮೂರನೇ ದಿನ, ಬಾಗಿಲಿಗೆ ಹಾಕಿದ್ದ ಸೀಲಿನ ನಂಬರು ಕಾಗದದಲ್ಲಿರುವ ನಂಬರಿಗೆ ತಾಳೆಯಾಗುತ್ತಿಲ್ಲ ಎಂದು ಕಂಡುಹಿಡಿದವನು ಅವನೇ. ಓಡಿಹೋಗಿ ವರದಿ ಕೊಟ್ಟವನೂ ಅವನೇ. ಬಾಗಿಲು ತೆಗೆಸಿ ಎಣಿಸಿದರೆ ಇಪ್ಪತ್ತೆರಡು ಪೆಟ್ಟಿಗೆ ಕ್ಯಾಮೆರಾ ಕಡಿಮೆ. ಗೇಟಿನ ರಿಜಿಸ್ಟರು ನೋಡಿದರೆ, ಒಳಬಂದಾಗ ‘ಸೀಲು ಸರಿ ಇದೆ’ ಎಂದು ಬರೆದಿದೆ. ಅಂದ ಮೇಲೆ ಸೀಲು ಬದಲಾದದ್ದು ಉಗ್ರಾಣದಲ್ಲಿ, ಕದ್ದವನು ಅದರ ಕೀಲಿ ಇಟ್ಟುಕೊಂಡವನು. ಗೇಟಿನ ಗುಮಾಸ್ತ ಬೆಳಿಗ್ಗೆ ಬಂದು ಕೂತವನೇ ಪುಟದ ಉದ್ದಕ್ಕೂ ‘ಸರಿ ಇದೆ, ಸರಿ ಇದೆ’ ಎಂದು ಬರೆದಿಟ್ಟು, ಆಮೇಲೆ ಆಕಳಿಸುತ್ತಾ ಲಾರಿ ಬಿಡುತ್ತಾನೆ ಎಂಬುದು ಗೇಟಿನ ಬಳಿ ಮಲಗುವ ನಾಯಿಗೂ ಗೊತ್ತಿತ್ತು. ನಾಯಿಯ ಹೇಳಿಕೆ ಪಡೆಯುವ ಪದ್ಧತಿ ಇಲ್ಲವಲ್ಲ.

ವಿಚಾರಣೆಯಲ್ಲಿ ಅಕ್ಕನನ್ನೂ ಕರೆಸಿದರು. “ನಿಮ್ಮ ತಮ್ಮ ಎಂಥೋನಮ್ಮ?” ಎಂದು ಕೇಳಿದರು. ಹೇಳಬಹುದಿತ್ತು. ಇನ್ನೊಬ್ಬರ ಪೆನ್ಸಿಲು ಮನೆಗೆ ಬಂದಿದ್ದಕ್ಕೆ ಅತ್ತು, ಅದನ್ನು ಹಿಂದಿರುಗಿಸಿ ಬಂದ ಮೇಲೇ ಅನ್ನ ಮುಟ್ಟಿದವನು ಎಂದು ಹೇಳಬಹುದಿತ್ತು. ಆಕೆ ಹೇಳಿದ್ದು ಇಷ್ಟೇ: “ರಿಜಿಸ್ಟರಲ್ಲಿ ಏನಿದೆಯೋ ಅದೇ ಸಾರ್. ಅದಕ್ಕಿಂತ ಜಾಸ್ತಿ ನಾನೇನು ಹೇಳೋಕಾಗುತ್ತೆ?” ಬರೆದದ್ದು ಸುಳ್ಳಾಗಿರಬಹುದು ಎಂಬುದು ಆಕೆಯ ತಲೆಗೆ ಹೊಳೆಯಲೇ ಇಲ್ಲ. ಎದುರು ಕುರ್ಚಿಯಲ್ಲೇ ತಮ್ಮ ಕೂತಿದ್ದ.

ಅವನ ಕೆಲಸ ಹೋಯಿತು, ಮೇಲ್ಮನವಿಯೂ ವಜಾ ಆಯಿತು. ಹೆಂಡತಿಯ ತವರಿನವರು ‘ಕಳ್ಳನ ಮನೆ’ ಎಂದು ಹೊಸಿಲು ತುಳಿಯುವುದು ಬಿಟ್ಟರು. ಫ್ಯಾನಿನ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತು, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟ. ಅಕ್ಕ ಅತ್ತ ಸುಳಿಯಲಿಲ್ಲ. ಡಬ್ಬಿ ತೆಗೆದುಕೊಂಡು ಒಬ್ಬಳೇ ಮೇಜಿನಲ್ಲೇ ಉಣ್ಣತೊಡಗಿದಳು.

ಹೀಗಿರುವಾಗ ಕಳೆದ ವರ್ಷ ಆ ಕಂಟೇನರು ತರಿಸಿದ್ದ ಕ್ಯಾಮೆರಾ ವ್ಯಾಪಾರಿಯ ಮೇಲೇ, ಬೆಲೆ ಕಡಿಮೆ ತೋರಿಸುತ್ತಾನೆಂದು ಇನ್ನೊಂದು ಕೇಸು ಹುಟ್ಟಿತು. ಅವನು ತರಿಸಿದ ಸರಕಿನ ನಿಜವಾದ ಬೆಲೆ ತಿಳಿಸಿ ಎಂದು ಸರಕು ಹೊರಟ ದೇಶಕ್ಕೆ ಪತ್ರ ಹೋಯಿತು. ಉತ್ತರ ಬಂತು. ಒಂದು ಪುಟದ ಪತ್ರ, ನೂರಾ ನಲವತ್ತು ಪುಟದ ಲಗತ್ತು. ಎಂದಿನಂತೆ ಸ್ಕೇಲು ಇಟ್ಟು ಓದುತ್ತಾ ಓದುತ್ತಾ ತೊಂಬತ್ತಮೂರನೇ ಪುಟಕ್ಕೆ ಬಂದಳು. ಅಲ್ಲಿ ಆ ಕಂಟೇನರಿನ ನಂಬರಿತ್ತು. ಹಡಗು ಹತ್ತಿಸುವ ಮುನ್ನ ಅಲ್ಲಿನ ಸುಂಕದ ಅಧಿಕಾರಿಗಳೇ ಸೀಲು ಒಡೆದು ತಪಾಸಣೆ ಮಾಡಿದ್ದಾರೆ, ಇಪ್ಪತ್ತೆರಡು ಪೆಟ್ಟಿಗೆಗಳನ್ನು ಇಳಿಸಿಕೊಂಡಿದ್ದಾರೆ, ಹೊಸ ಸೀಲು ಹಾಕಿದ್ದಾರೆ, ಕಾಗದದಲ್ಲಿ ತಿದ್ದುಪಡಿ ಮಾಡುವುದು ಬಿಟ್ಟುಹೋಗಿದೆ ಎಂದು ಬರೆದಿತ್ತು. ಕೆಳಗೆ ಹೊಸ ಸೀಲಿನ ಫೋಟೋ. ತಮ್ಮ ತನ್ನ ವರದಿಯಲ್ಲಿ ಬರೆದುಕೊಟ್ಟಿದ್ದ ಅದೇ ನಂಬರು.

ಆಕೆ ಆ ಪುಟವನ್ನು ನಾಲ್ಕು ಸಲ ಓದಿದಳು. ಎದ್ದು ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಒಳ್ಳೆಯವರೇ. ಕನ್ನಡಕ ಹಣೆಗೇರಿಸಿ ಓದಿದರು, ಲೊಚಗುಟ್ಟಿದರು. ಆಮೇಲೆ ಪುಟದ ನೆತ್ತಿಯ ಮೇಲೆ ಬೆರಳಿಟ್ಟರು. “ಇದು ಬೆಲೆ ಕೇಸಿಗೆ ಅಂತ ಕೊಟ್ಟಿರೋದು ಕಣಮ್ಮ. ನಿಮಗೆ ನಾನು ಹೇಳಿಕೊಡ್ಬೇಕಾ?”

“ಒಪ್ಪಿಗೆ ಕೇಳೋಣ ಸಾರ್.”

“ಕೇಳಿ, ಬೇಡ ಅಂದವರ್ಯಾರು? ಆದ್ರೆ ಉತ್ತರ ಬರೋವರೆಗೂ ಬಾಯಿ ಬಿಡಬೇಡಿ. ಇನ್ನು ಹದಿನಾಲ್ಕು ತಿಂಗಳಿಗೆ ರಿಟೈರ್ ಆಗೋರು ನೀವು. ನಿಮ್ಮ ತಮ್ಮ ಬೇರೆ. ಸುಮ್ನೆ ವಿಚಾರಣೆ ಅಂತ ನಿಮ್ಮನ್ನ ಎಳ್ಕೊಂಡು ತಿರುಗ್ತಾರೆ.”

ಅಂದೇ ಪತ್ರ ಬರೆದಳು. ಜೀವಮಾನದಲ್ಲಿ ಬರೆದ ಸಾವಿರಾರು ಪತ್ರಗಳಲ್ಲಿ ಅಷ್ಟು ಚೊಕ್ಕವಾದದ್ದು ಇನ್ನೊಂದಿರಲಿಲ್ಲ. ಮೊದಲು ರಾಜಧಾನಿಗೆ, ಅಲ್ಲಿಂದ ಆ ದೇಶದ ರಾಜಧಾನಿಗೆ, ಅಲ್ಲಿಂದ ಅವರ ಬಂದರಿಗೆ ಅದು ಹೋಗಬೇಕು. ಬರುವಾಗಲೂ ಅದೇ ದಾರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಐದು ತಿಂಗಳು ಕಾದಳು. ಕೊನೆಗೆ ಎರಡು ಸಾಲಿನ ಉತ್ತರ ಬಂತು: ಯಾವ ವಿಚಾರಣೆಯಲ್ಲಿ ಬಳಸುತ್ತೀರಿ, ಚಾಲ್ತಿಯಲ್ಲಿರುವ ವಿಚಾರಣೆಯ ಸಂಖ್ಯೆ ತಿಳಿಸಿ.

ಚಾಲ್ತಿಯಲ್ಲಿ ಏನಿದೆ? ಎಲ್ಲ ಮುಗಿದು ಕಡತ ಗೆದ್ದಲಿಗೆ ಬಿದ್ದಿದೆ. ಕಾನೂನು ವಿಭಾಗಕ್ಕೆ ಹೋದಳು. ಹಿಂದೆ ಹಲ್ಲುಗಿಂಜಿ, ಬೈದುಕೊಂಡು ಹೋಗಿದ್ದ ಅಧಿಕಾರಿಯೇ ಅಲ್ಲಿದ್ದರು.

“ಮುಗಿದ ಕೇಸು ಮತ್ತೆ ತೆಗೀಬೇಕಾದ್ರೆ ಹೊಸ ಸಾಕ್ಷಿ ಬೇಕಮ್ಮ. ಅರ್ಜಿ ಜೊತೆಗೇ ಇಡಬೇಕು. ಇದೆಯಾ?”

“ಇದೆ ಸಾರ್. ತೋರಿಸೋ ಹಾಗಿಲ್ಲ.”

“ಮತ್ತೆ?”

“ಒಪ್ಪಿಗೆ ಬಂದರೆ ತೋರಿಸಬಹುದು. ಕೇಸು ತೆಗೆದ್ರೆ ಅವರು ಒಪ್ಪಿಗೆ ಕೊಡ್ತಾರೆ.”

“ಸಾಕ್ಷಿ ಕೊಟ್ರೆ ನಾನು ಕೇಸು ತೆಗೀತೀನಿ,” ಎಂದು ಅವರು ನಕ್ಕರು. ಸೇಡಿನ ನಗೆಯೇನಲ್ಲ, ಪಾಪ. ನಗದೆ ಇನ್ನೇನು ಮಾಡಿಯಾರು?

ಹೀಗೆ ಗಾಣ ತಿರುಗಿತು. ಕೊನೆಗೆ ‘ಯಾವ ವಿಚಾರಣೆಯೂ ಚಾಲ್ತಿಯಲ್ಲಿಲ್ಲ’ ಎಂಬ ಉತ್ತರವನ್ನು ಆಕೆಯೇ ತನ್ನ ಕೈಯಾರೆ ಟೈಪು ಮಾಡಿ ಕಳಿಸಬೇಕಾಯಿತು. ಮೂರು ತಿಂಗಳಿಗೆ ಅಲ್ಲಿಂದ ಬಂತು: ‘ಆದ್ದರಿಂದ ಒಪ್ಪಿಗೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ. ತಮ್ಮ ಅಮೂಲ್ಯ ಸಹಕಾರಕ್ಕೆ ಧನ್ಯವಾದಗಳು.’ ಆ ವರ್ಷದ ವರದಿಯಲ್ಲಿ, ಉತ್ತರ ಬಂದ ಪತ್ರಗಳ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಂಡು, ಎರಡೂ ದೇಶಗಳ ಸಹಕಾರ ಉತ್ತಮವಾಗಿದೆ ಎಂದು ಬರೆದರು. ಸುಳ್ಳೇನಲ್ಲ. ಇಬ್ಬರೂ ಸೇರಿ ಒಬ್ಬ ಮನುಷ್ಯನನ್ನು ಎಷ್ಟು ಅಚ್ಚುಕಟ್ಟಾಗಿ ಕೈಬಿಟ್ಟಿದ್ದರು!

ಒಂದು ಭಾನುವಾರ ಬೆಳಿಗ್ಗೆ ಆಕೆ ತಮ್ಮನ ಮನೆಗೆ ಹೋದಳು. ಅವನು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದ. ಕಿವಿಯ ಮೇಲೆ ಕೂದಲು ನರೆತಿತ್ತು. ಅಕ್ಕನನ್ನು ನೋಡಿ ಏಳಲಿಲ್ಲ, ಹೊರಗೆ ಹೋಗು ಅನ್ನಲೂ ಇಲ್ಲ. ಬಾಯಲ್ಲಿ ಸುತ್ತು ಎಣಿಸುತ್ತಿದ್ದ. ಎಣಿಕೆ ಮುಗಿಯುವವರೆಗೂ ಆಕೆ ಬಾಗಿಲಲ್ಲೇ ನಿಂತಳು. ಒಳಗಿನಿಂದ ನಾದಿನಿ ಒಂದು ಸಲ ಇಣುಕಿ ಹಿಂದೆ ಸರಿದಳು.

“ಕೂತ್ಕೋ,” ಎಂದು ಸ್ಟೂಲು ತೋರಿಸಿದ.

ಆಕೆ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ತೊಂಬತ್ತಮೂರನೇ ಪುಟ, ಅವರೇ ಒಡೆದ ಸೀಲು, ಅವರೇ ಇಳಿಸಿಕೊಂಡ ಇಪ್ಪತ್ತೆರಡು ಪೆಟ್ಟಿಗೆ, ಹೋದ ಪತ್ರ, ಬಂದ ಪತ್ರ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದಿದ್ದಳು. “ನೀನು ಮಾಡಿಲ್ಲ ಕಣೋ. ನನ್ನಿಂದ ದೊಡ್ಡ ತಪ್ಪಾಯ್ತು,” ಎಂದಳು. ಕಣ್ಣೊರೆಸಿಕೊಂಡು, ಒಳಕೋಣೆಯ ಕಡೆ ನೋಡಿ, ಇನ್ನೂ ಮೆಲ್ಲಗೆ ಸೇರಿಸಿದಳು: “ಆದ್ರೆ ಇದು ನಿನ್ನಲ್ಲೇ ಇರಲಿ. ಯಾರ ಹತ್ರಾನೂ ಹೇಳ್ಬೇಡ. ಹೊರಗೆ ಬಂದ್ರೆ ನನ್ನ ಪಿಂಚಣಿಗೆ ಕಲ್ಲು ಬೀಳುತ್ತೆ.”

ತಂತಿಯ ಉರುಳೆಯನ್ನು ತಮ್ಮ ಕೆಳಗಿಟ್ಟ. ಸಿಟ್ಟು ಬಂದಂತೆ ಕಾಣಲಿಲ್ಲ. ನಿಜವಾಗಿಯೂ ಅರ್ಥವಾಗದವನಂತೆ ಅವಳ ಮುಖ ನೋಡಿದ.

“ಅಲ್ಲಕ್ಕ, ನಾನು ಕದ್ದಿಲ್ಲ ಅನ್ನೋದು ಯಾರಿಗೆ ಗೊತ್ತಿರ್ಲಿಲ್ಲ?” ಎಂದ. “ಕಚೇರಿಯೋರಿಗೆ ಗೊತ್ತಿರ್ಲಿಲ್ಲ. ಇವಳ ತವರಿನೋರಿಗೆ ಗೊತ್ತಿಲ್ಲ. ಈ ಬೀದಿಯೋರಿಗೆ ಗೊತ್ತಿಲ್ಲ. ನಿನಗೂ ಗೊತ್ತಿರ್ಲಿಲ್ಲ. ಗೊತ್ತಿದ್ದೋನು ನಾನೊಬ್ಬ. ಅವರಿಗೆಲ್ಲ ಹೇಳೋದು ಬಿಟ್ಟು, ಇಷ್ಟು ದೂರ ನನಗೆ ಹೇಳೋಕೆ ಬಂದ್ಯಾ?”

ನಾದಿನಿ ಒಂದು ಲೋಟ ನೀರು ತಂದು ಸ್ಟೂಲಿನ ಪಕ್ಕ ಇಟ್ಟು ನಿಂತಳು. ಆರು ವರ್ಷದಿಂದ ತವರಿನ ಮುಖ ಕಾಣದವಳು ಅವಳು. ಏನು ವಿಷಯ ಎಂಬಂತೆ ಇಬ್ಬರನ್ನೂ ನೋಡಿದಳು. ಹೇಳುವುದಿದ್ದರೆ ಅದೇ ಗಳಿಗೆ. ಲಗತ್ತಕ್ಕ ನೀರು ಕುಡಿದಳು, ಲೋಟ ಕೆಳಗಿಟ್ಟಳು, “ಏನಿಲ್ಲಮ್ಮ, ನೋಡಿ ತುಂಬ ದಿನ ಆಯ್ತಲ್ಲ ಅಂತ ಬಂದೆ” ಎಂದು ಚೀಲ ಎತ್ತಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಆಕೆ ತನ್ನ ಮೇಜಿನಲ್ಲಿದ್ದಳು, ಹೊಸದಾಗಿ ಬಂದ ಲಗತ್ತಿನ ಮೊದಲ ಸಾಲಿಗೆ ಸ್ಕೇಲು ಇಟ್ಟುಕೊಂಡು.